ಏಪ್ರನ್ ಜೇಬಿನ ಎರಡು ಕಾರ್ಡು

ಫೆಬ್ರವರಿ 3

ಚಿಕ್ಕಮ್ಮಾ,

ನಾಲ್ಕು ವರ್ಷದಿಂದ ಒಂದು ವಿಷಯವನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ. ನಿನ್ನ ಪ್ಲೇಟು ಪರೀಕ್ಷೆಯನ್ನೂ ಇಲಿ ಪರೀಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆಯಲ್ಲ, ಆ ಸಲ ನಾಲ್ಕನೇ ಮಾದರಿಯ ಇಲಿಗಳು ಯಾವುವು, ಐದನೆಯದರ ಇಲಿಗಳು ಯಾವುವು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಪಂಜರಗಳಿಗೆ ಕಾರ್ಡು ಸಿಕ್ಕಿಸಿದೆ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಮುಂದೆ ಈ ಕಾಗದವನ್ನು ಬೇರೆಯವರು ಓದಬೇಕಾಗಿ ಬಂದರೆ ಅವರಿಗೂ ಅರ್ಥವಾಗಲಿ. ಹುಚ್ಚುನಾಯಿ ಕಡಿತದ ಲಸಿಕೆಗೆ ಎಷ್ಟು ಶಕ್ತಿ ಇದೆ ಎಂದು ತಿಳಿಯಲು ಅದನ್ನು ಇಲಿಗಳಿಗೆ ಚುಚ್ಚುತ್ತೇವೆ. ಎರಡು ವಾರ ಕಳೆದ ಮೇಲೆ ಅವೇ ಇಲಿಗಳಿಗೆ ರೋಗದ ವೈರಸ್ ಚುಚ್ಚುತ್ತೇವೆ. ಆಮೇಲೆ ಹದಿನಾಲ್ಕು ದಿನ ಕಾಯುತ್ತೇವೆ. ಬದುಕಿದವು ಹೆಚ್ಚಿದ್ದರೆ ಲಸಿಕೆ ಗಟ್ಟಿ, ಸತ್ತವು ಹೆಚ್ಚಿದ್ದರೆ ಟೊಳ್ಳು. ನಿನ್ನ ಹೊಸ ಪರೀಕ್ಷೆಗೆ ಇಲಿ ಬೇಡ. ತೊಂಬತ್ತಾರು ಗುಳಿಗಳ ಪ್ಲೇಟಿನಲ್ಲಿ ಲಸಿಕೆ ಹಾಕಿದರೆ ಬಣ್ಣ ಬರುತ್ತದೆ, ಬಣ್ಣ ದಟ್ಟವಾದಷ್ಟೂ ಲಸಿಕೆ ಗಟ್ಟಿ.

ಅವತ್ತು ವೈರಸ್ ಚುಚ್ಚಿ ಆರನೇ ದಿನ. ಪಂಜರದ ಹೊಟ್ಟು ಬದಲಿಸುವ ಕೆಲಸ ನನ್ನದು. ಒಂದು ಪಂಜರ ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬಾರದು ಎಂದು ನೀನು ನೂರು ಸಲ ಹೇಳಿದ್ದೆ. ನನಗೋ ಬೇಗ ಮುಗಿಸಿ ಹೊರಗೆ ಓಡಬೇಕಿತ್ತು. ಹೊರಗೆ ಏನಿತ್ತು ಅಂತ ಕೇಳಬೇಡ, ಏನೂ ಇರಲಿಲ್ಲ. ಎರಡು ಪಂಜರದ ಕಾರ್ಡುಗಳನ್ನೂ ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡೆ. ಎಡಗಡೆಯದು ನಾಲ್ಕು, ಬಲಗಡೆಯದು ಐದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ. ನಮ್ಮ ಇಲಿ ಕೋಣೆಯ ಹಿರಿಯ ಮೀಸೆಯಣ್ಣ ಬಾಗಿಲಲ್ಲಿ ನಿಂತು, “ಏನೇ, ಮಗ್ಗಿ ಬಾಯಿಪಾಠ ಮಾಡ್ತಿದೀಯಾ? ಶಾಲೇಲಿ ಮಾಡಿದ್ರೆ ಪಾಸಾಗ್ತಿದ್ದೆ,” ಅಂದರು. ನಕ್ಕೆ. ಪಂಜರಗಳಿದ್ದ ಟ್ರಾಲಿಯನ್ನು ಅರ್ಧ ಸುತ್ತು ತಿರುಗಿಸಿ ಅವರಿಗೆ ದಾರಿ ಬಿಟ್ಟೆ. ಅವರು ಹೋದ ಮೇಲೆ ನೋಡಿದರೆ ಎಡ ಯಾವುದು ಬಲ ಯಾವುದು ಎಂಬುದು ತಲೆಯಿಂದ ಹಾರಿಹೋಗಿತ್ತು. ಎರಡರಲ್ಲೂ ಹದಿನಾರು ಇಲಿ, ಎಲ್ಲವೂ ಜೀವಂತ. ಒಂದು ಊಹೆ ಮಾಡಿ ಕಾರ್ಡು ಸಿಕ್ಕಿಸಿದೆ.

ಹದಿನಾಲ್ಕನೇ ದಿನ ನಾಲ್ಕರಲ್ಲಿ ಹನ್ನೊಂದು ಬದುಕಿದ್ದವು, ಐದರಲ್ಲಿ ಮೂರು. ಪ್ಲೇಟು ಹೇಳಿದ್ದೂ ಅದನ್ನೇ. ನೀನು ಕಾರಿಡಾರಿನಲ್ಲಿ ನನ್ನ ಎರಡು ಕೆನ್ನೆ ಹಿಂಡಿದೆ.

ನೀನು ಈಗ ಕೆಲಸಕ್ಕೆ ಹೋಗಿರುವ ಊರಿನಲ್ಲಿ ಏಪ್ರಿಲ್ 16ಕ್ಕೆ ಸಮಿತಿ ಕೂರುತ್ತದೆ, ಅದು ನಿನ್ನ ಪ್ಲೇಟನ್ನು ಒಪ್ಪಿದರೆ ಇಲಿ ಕೋಣೆ ಮುಚ್ಚುತ್ತಾರೆ, ಇನ್ನು ಲಸಿಕೆ ಹೊರಗೆ ಹೋಗಬೇಕೋ ಬೇಡವೋ ಎಂದು ಹೇಳುವುದು ಪ್ಲೇಟು ಒಂದೇ. ನೋಟೀಸು ಬೋರ್ಡಿನಲ್ಲಿ ಅದನ್ನು ಓದಿದೆ. ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಅಮ್ಮನ ಮಂಡಿನೋವಿನ ವಿಷಯ ಮಾತಾಡಿ ಇಟ್ಟೆ. ಅದಕ್ಕೇ ಬರೆದೆ.

ನಿನ್ನ
ಚಿನಕುರುಳಿ


ಫೆಬ್ರವರಿ 12

ಚಿನಕುರುಳಿ,

ನಿನ್ನ ಕಾಗದ ತಲುಪಿತು. ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ? ಇಲ್ಲವಾದರೆ ಸದ್ಯಕ್ಕೆ ಹೇಳಬೇಡ. ಮೀಸೆಯಣ್ಣನಿಗೂ ಬೇಡ.

ಅವು ಯಾವ ಮಟ್ಟದ ಪಂಜರಗಳು? ಲಸಿಕೆಯನ್ನು ಹೆಚ್ಚು ಗಟ್ಟಿಯಾಗಿ ಕೊಟ್ಟದ್ದೋ, ತೀರಾ ತೆಳು ಮಾಡಿದ್ದೋ, ನಡುವಿನದೋ? ಅವತ್ತಿನ ದಿನಚರಿಯಲ್ಲಿ ಹೊಟ್ಟು ಬದಲಿಸಿದ ಸಾಲಿನ ಎದುರು ಸಹಿ ಯಾರದು? ಊಹೆ ಮಾಡಿದೆ ಎಂದು ಬರೆದಿದ್ದೀಯ. ಯಾವ ಆಧಾರದ ಮೇಲೆ?

ಇಲ್ಲಿ ಚಳಿ. ನನ್ನ ಟೇಬಲ್ಲಿನ ಎದುರಿನ ಕಿಟಕಿಯಿಂದ ಒಂದು ಗೋಡೆ, ಗೋಡೆಯ ಆಚೆ ಇನ್ನೊಂದು ಗೋಡೆ ಕಾಣುತ್ತದೆ. ಅಕ್ಕನಿಗೆ ಮಂಡಿಗೆ ಬಿಸಿನೀರಿನ ಶಾಖ ಕೊಡಲು ಹೇಳು.

ಚಿಕ್ಕಮ್ಮ


ಫೆಬ್ರವರಿ 17

ಚಿಕ್ಕಮ್ಮಾ,

ಒಂದು ಪುಟವೂ ತುಂಬದ ಕಾಗದ. ಅದರಲ್ಲಿ ಮೊದಲ ಮಾತೇ, ಯಾರಿಗೂ ಹೇಳಬೇಡ.

ನೀನೇನಾ ಇದನ್ನು ಬರೆದದ್ದು? ಒಂದು ಸಲ ಒಂದು ಬ್ಯಾಚಿನ ಲಸಿಕೆಯ ಶಕ್ತಿ ಪರೀಕ್ಷೆಯಲ್ಲಿ ಸ್ವಲ್ಪವೇ ಕಡಿಮೆ ಬಂದಿತ್ತು. ಸಹಿ ಹಾಕು ಅಂತ ಎಲ್ಲರೂ ಬೆನ್ನು ಬಿದ್ದಾಗ ನೀನು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆಯಂತೆ. ಅದಕ್ಕೆ ನಿನ್ನನ್ನು ಒಂದು ವರ್ಷ ಉಗ್ರಾಣದಲ್ಲಿ ಖಾಲಿ ಸೀಸೆ ಲೆಕ್ಕ ಮಾಡಲು ಕೂರಿಸಿದರಂತೆ. ಮೀಸೆಯಣ್ಣ ಇದನ್ನು ಹೊಸಬರಿಗೆಲ್ಲ ಹೇಳುತ್ತಾರೆ. ನಾನು ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟು, ಬೇಕರಿಯಲ್ಲಿ ಎರಡು ತಿಂಗಳು, ಜೆರಾಕ್ಸ್ ಅಂಗಡಿಯಲ್ಲಿ ಮೂರು ತಿಂಗಳು, ಎಲ್ಲೂ ಕಾಲು ನಿಲ್ಲದೆ ತಿರುಗುತ್ತಿದ್ದಾಗ ಈ ಕತೆ ಕೇಳಿಯೇ ಇಲಿ ಕೋಣೆಗೆ ಬಂದದ್ದು. ನಿನ್ನ ಹತ್ತಿರ ಸುಳ್ಳು ಹೇಳಬೇಕಾಗಿ ಬರುವುದಿಲ್ಲ ಅಂದುಕೊಂಡಿದ್ದೆ.

ನಡುವಿನ ಮಟ್ಟದ ಪಂಜರಗಳು. ಸಹಿ ನನ್ನದು.

ಆಧಾರ ಕೇಳಿದ್ದೀಯ. ಮೊದಲ ಕಾಗದದಲ್ಲಿ ಇದನ್ನು ನುಂಗಿಕೊಂಡಿದ್ದೆ. ಕಣ್ಣು ಮುಚ್ಚಿ ಊಹೆ ಮಾಡಿದ್ದಲ್ಲ. ಒಂದು ಪಂಜರದಲ್ಲಿ ಇಲಿಗಳು ಬೆನ್ನು ಗೂನು ಮಾಡಿ ಮೂಲೆಯಲ್ಲಿ ಮುದುಡಿದ್ದವು, ರೋಮ ನಿಮಿರಿತ್ತು. ಇನ್ನೊಂದರಲ್ಲಿ ಓಡಾಡಿಕೊಂಡಿದ್ದವು. ಪ್ಲೇಟಿನಲ್ಲಿ ಐದು ಸೋತಿದೆ, ನಾಲ್ಕು ಗೆದ್ದಿದೆ ಎಂದು ನನಗೆ ಆಗಲೇ ಗೊತ್ತಿತ್ತು. ಮುದುಡಿದವಕ್ಕೆ ಐದರ ಕಾರ್ಡು ಹಾಕಿದೆ. ಹಾಗೇ ಇರಬೇಕು ಅನ್ನಿಸಿತು.

ಈಗ ತಿಳಿಯಿತಾ? ನಿನ್ನ ಎರಡು ಪರೀಕ್ಷೆಗಳು ತಾಳೆಯಾಗಲಿಲ್ಲ. ನಾನು ತಾಳೆ ಮಾಡಿದೆ.

ಅಮ್ಮನಿಗೆ ಹೇಳಿದೆ. “ಬಾಯಿಗೆ ಬೀಗ ಹಾಕ್ಕೋ. ಅವಳ ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಕಲ್ಲು ಹಾಕ್ಬೇಡ. ನಿನಗೆ ಅನ್ನ ಹಾಕಿದ್ದು ಅವಳು,” ಅಂದಳು. ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ. ತಟ್ಟೆ ಇಡುವ ಸದ್ದಿನಲ್ಲಿ ಬೈಯುತ್ತಾಳೆ.

ಹತ್ತು ದಿನ ಕಾಯುತ್ತೇನೆ. ನೀನು ಏನೂ ಮಾಡದಿದ್ದರೆ ನಾನೇ ಡೈರೆಕ್ಟರ ಕೋಣೆಗೆ ಹೋಗುತ್ತೇನೆ.

ಚಿನಕುರುಳಿ


ಮಾರ್ಚ್ 1

ಚಿಕ್ಕಮ್ಮಾ,

ಹನ್ನೆರಡು ದಿನವಾಯಿತು. ನಿನ್ನಿಂದ ಕಾಗದವಿಲ್ಲ. ಫೋನು ಮಾಡಿದರೆ ಯಾರೋ ಎತ್ತಿ ನೀನು ಲ್ಯಾಬಿನಲ್ಲಿದ್ದೀಯ ಅನ್ನುತ್ತಾರೆ.

ಮೊನ್ನೆ ಡೈರೆಕ್ಟರ ಹತ್ತಿರ ಹೋದೆ. ಮೊದಲು ನಗುತ್ತಿದ್ದರು, ಆಮೇಲೆ ನಗು ನಿಂತಿತು. ಬಾಗಿಲು ಹಾಕಿಸಿದರು.

“ನೀನು ಎಷ್ಟು ಓದಿದೀಯಮ್ಮಾ?”

“ಹತ್ತು. ಅದೂ ಪೂರ್ತಿ ಇಲ್ಲ ಸಾರ್.”

“ಮೇಡಂ ಎಷ್ಟು ಓದಿದಾರೆ ಗೊತ್ತಾ?”

“ಗೊತ್ತು ಸಾರ್. ಅವತ್ತು ಕಾರ್ಡು ಹಾಕಿದ್ದು ಮೇಡಂ ಅಲ್ಲ, ನಾನು.”

“ನಾಲ್ಕು ವರ್ಷ ಸುಮ್ನಿದ್ದೆ. ಇನ್ನು ಏಳು ವಾರ ಸುಮ್ನಿರೋಕೆ ಏನು ಕಷ್ಟ?”

ನಾಲ್ಕು ವರ್ಷ ಯಾಕೆ ಸುಮ್ಮನಿದ್ದೆ? ನೀನು ಕೆನ್ನೆ ಹಿಂಡಿದ್ದೆ, ಅದಕ್ಕೆ. ಅದನ್ನು ಅವರ ಮುಂದೆ ಹೇಳಲಾಗುತ್ತದಾ? ಎದ್ದು ಬಂದೆ.

ಆಮೇಲೆ ತಣ್ಣನೆ ಕೋಣೆಗೆ ಹೋಗಿ ಹುಡುಕಿದೆ. ನಾಲ್ಕು ಮತ್ತು ಐದರ ಸೀಸೆಗಳು ಇವೆ, ಕೆಳಗಿನ ಹಲಗೆಯ ಮೇಲೆ, ನಿನ್ನ ಕೈಬರಹದ ಪೆಟ್ಟಿಗೆಯಲ್ಲಿ. ತಲಾ ಒಂಬತ್ತು. ಹಳೆಯ ಮಾದರಿಗಳನ್ನೆಲ್ಲ ಮಾರ್ಚ್ 15ಕ್ಕೆ ಸುಡಬೇಕು ಎಂದು ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ. ಪಟ್ಟಿಯಲ್ಲಿ ಆ ಪೆಟ್ಟಿಗೆಯೂ ಇದೆ. ಅದು ಯಾರ ಆದೇಶ? ನಿನ್ನದಾ?

ಉತ್ತರ ಬರೆಯಲು ಇಷ್ಟವಿಲ್ಲದಿದ್ದರೆ ಹೌದು ಅಥವಾ ಇಲ್ಲ ಎಂದಷ್ಟೇ ಬರೆ.


ಮಾರ್ಚ್ 6

ಮಗಳೇ,

ಇಲ್ಲ. ಆ ಪಟ್ಟಿ ನಾನು ಮಾಡಿಸಿದ್ದಲ್ಲ. ಸೀಸೆಗಳನ್ನು ಯಾರೂ ಮುಟ್ಟಬಾರದು ಎಂದು ಇವತ್ತು ಬೆಳಗ್ಗೆ ಡೈರೆಕ್ಟರಿಗೆ ಬರೆದೆ, ಸಮಿತಿಗೂ ಒಂದು ಪ್ರತಿ ಕಳಿಸಿದೆ. ಇನ್ನು ಅವರು ಸುಟ್ಟರೆ ಸುಟ್ಟದ್ದಕ್ಕೆ ಕಾರಣ ಬರೆಯಬೇಕು.

ಯಾರಿಗೂ ಹೇಳಬೇಡ ಎಂದದ್ದು ನಿನ್ನ ಬಾಯಿ ಮುಚ್ಚಿಸಲು ಅಲ್ಲ. ಮರುಪರೀಕ್ಷೆ ಮಾಡಬೇಕಾದರೆ ಅದನ್ನು ಮಾಡುವವರಿಗೆ ಯಾವ ಪಂಜರದ ಮೇಲೆ ಅನುಮಾನ ಎಂದು ಗೊತ್ತಿರಬಾರದು. ಅಷ್ಟನ್ನು ಬಿಡಿಸಿ ಬರೆಯಬಹುದಿತ್ತು. ಬರೆಯಲಿಲ್ಲ.

ಆಮೇಲೆ ಸುಮ್ಮನಿದ್ದದ್ದಕ್ಕೆ ಬೇರೆ ಕಾರಣ. ಹಳೆಯ ಅಂಕಿಗಳನ್ನು ತೆಗೆದು ಲೆಕ್ಕ ಹಾಕುತ್ತಿದ್ದೆ. ಗಟ್ಟಿ ಮಟ್ಟದಲ್ಲಿ ಎರಡು ಮಾದರಿಯ ಇಲಿಗಳೂ ಬದುಕಿದ್ದವು, ತೆಳು ಮಟ್ಟದಲ್ಲಿ ಎರಡರವೂ ಸತ್ತಿದ್ದವು. ತೀರ್ಮಾನ ನಿಂತಿರುವುದು ನಡುವಿನ ಆ ಎರಡು ಪಂಜರಗಳ ಮೇಲೆ, ಅಂದರೆ ನಿನ್ನ ಜೇಬಿನ ಮೇಲೆ. ಐದು ಎಂದರೆ ನಾನು ನೀರು ಬೆರೆಸಿ ಅರ್ಧಕ್ಕೆ ಇಳಿಸಿದ ಲಸಿಕೆ. ನಾಲ್ಕು ಎಂದರೆ ಬಿಸಿಯಲ್ಲಿಟ್ಟದ್ದು; ಅಷ್ಟು ಬಿಸಿಗೆ ಅದು ಕೆಡಲಿಲ್ಲ ಎಂದು ಪ್ಲೇಟೂ ಇಲಿಯೂ ಒಂದೇ ಮಾತು ಹೇಳಿದ್ದರಿಂದ ನಂಬಿದ್ದೆ. ಕಾರ್ಡು ಅದಲುಬದಲಾಗಿದ್ದರೆ ಬಿಸಿಗೆ ಕೆಟ್ಟ ಲಸಿಕೆಯನ್ನು ನನ್ನ ಪ್ಲೇಟು ಗುರುತಿಸುವುದೇ ಇಲ್ಲ ಎಂದಾಗುತ್ತದೆ. ಕೆಟ್ಟು ನಿಂತ ಲಾರಿಯೊಂದರಲ್ಲಿ ನಾಲ್ಕು ದಿನ ಬಿಸಿಲಲ್ಲಿ ಬೆಂದ ಲಸಿಕೆಗೆ ಪ್ಲೇಟು ಚಂದದ ಬಣ್ಣ ಕೊಡುತ್ತದೆ. ನಾಯಿ ಕಚ್ಚಿದ ಮಗುವಿಗೆ ಅದನ್ನೇ ಚುಚ್ಚುತ್ತಾರೆ. ನನ್ನ ಕೆಲಸಕ್ಕೆ ಆಗುವ ನಷ್ಟ ನಷ್ಟವೇ ಅಲ್ಲ.

ಇನ್ನೊಂದು. ಐದು ಸೋತಿದೆ ಎಂದು ನಿನಗೆ ಮೊದಲೇ ಗೊತ್ತಿತ್ತು ಎಂದು ಬರೆದಿದ್ದೀಯ. ಯಾರಿಂದ ಗೊತ್ತಾಯಿತು ಎಂದು ಬರೆದಿಲ್ಲ. ನಿಮ್ಮ ಮನೆಯ ಊಟದ ಮೇಜು, ಭಾನುವಾರ ಮಧ್ಯಾಹ್ನ, ನನ್ನ ಎದುರಿಗೆ ನೀನು. “ಪ್ಲೇಟಲ್ಲಿ ಐದು ಬಿತ್ತು ಕಣೇ, ನಾಲ್ಕು ನಿಂತಿತು,” ಎಂದು ಸಂತೋಷ ತಡೆಯಲಾಗದೆ ಹೇಳಿದವಳು ನಾನು. ಇಲಿ ನೋಡುವವರಿಗೆ ಯಾವ ಮಾದರಿ ಎಂಥದು ಎಂದು ತಿಳಿಯಬಾರದು ಎಂಬ ನಿಯಮವನ್ನು ಆ ಸಂಸ್ಥೆಯಲ್ಲಿ ಬರೆದವಳೂ ನಾನೇ. ನೀನು ಕಾರ್ಡು ತಪ್ಪಿದ್ದು ಹದಿನೇಳು ವರ್ಷದ ಹುಡುಗಿಯ ಅವಸರ. ನನಗೆ ಆಗ ನಲವತ್ತಾರು.

ನಿನ್ನ ಮೊದಲ ಕಾಗದ ಓದಿದಾಗಲೇ ಆ ಮೇಜು ನೆನಪಾಯಿತು. ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಯಿತು.

ಮರುಪರೀಕ್ಷೆ ಮೀಸೆಯಣ್ಣ ಮಾಡಲಿ. ಸೀಸೆಗಳಿಗೆ ಗುಪ್ತ ಸಂಖ್ಯೆ ಹಾಕುವವರು ಹೊರಗಿನವರು. ಅದೇ ಸೀಸೆಯಿಂದ ಅದೇ ದಿನ ಪ್ಲೇಟಿಗೂ ಹೋಗಲಿ. ನೀನು ಆ ಕೋಣೆಯ ಹೊಸ್ತಿಲು ದಾಟಕೂಡದು.

ಚಿಕ್ಕಮ್ಮ


ಮಾರ್ಚ್ 27

ಚಿಕ್ಕಮ್ಮಾ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. “ನಾನೂ ಆ ಮೇಜಿನ ಹತ್ರ ಇದ್ನಲ್ಲ, ನನಗೇನು ಗೊತ್ತಿತ್ತು ಅದು ಗುಟ್ಟಿನ ಮಾತು ಅಂತ,” ಅಂದಳು. ಆಮೇಲೆ ಮಾತು ಶುರುವಾಗಿದೆ, ಬೈಗುಳದಿಂದ.

ಸಮಿತಿಗೂ ಪ್ರತಿ ಹೋದದ್ದರಿಂದ ಡೈರೆಕ್ಟರು ಮರುಪರೀಕ್ಷೆಗೆ ಒಪ್ಪಲೇಬೇಕಾಯಿತು. ಹತ್ತನೇ ತಾರೀಕು ಮೀಸೆಯಣ್ಣ ಲಸಿಕೆ ಚುಚ್ಚಿದರು, ಹದಿನೇಳಕ್ಕೆ ಇನ್ನೊಮ್ಮೆ. ಇಪ್ಪತ್ತನಾಲ್ಕಕ್ಕೆ ವೈರಸ್. ಅದೇ ದಿನ ಡೈರೆಕ್ಟರು ನನಗೊಂದು ಚೀಟಿ ಕಳಿಸಿದರು: ದಾಖಲೆಯಲ್ಲಿ ತಪ್ಪು ಮಾಡಿ ಮುಚ್ಚಿಟ್ಟದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಸಹಿ ಹಾಕಿ ತೆಗೆದುಕೊಂಡೆ.

ಆದರೂ ದಿನಾ ಹೋಗುತ್ತೇನೆ. ಗೇಟಿನ ಎದುರು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುತ್ತೇನೆ. ಇಲಿ ಕೋಣೆಯ ಕಿಟಕಿಗೆ ಬಣ್ಣ ಬಳಿದಿದೆ, ಏನೂ ಕಾಣುವುದಿಲ್ಲ. ಗಾಳಿ ಹೊರಗೆಳೆಯುವ ಯಂತ್ರದ ಸದ್ದು ಮಾತ್ರ. ಐದು ವರ್ಷ ಒಳಗೆ ಇದ್ದಾಗ ಹೊರಗೆ ಓಡುವುದೇ ಚಿಂತೆ. ಈಗ ಒಳಗೆ ಬಿಡುವುದಿಲ್ಲ, ಬೇರೆ ಎಲ್ಲಿಗೂ ಹೋಗಲು ಕಾಲು ಬರುವುದಿಲ್ಲ.

ಮೀಸೆಯಣ್ಣ ಸಂಜೆ ಹೊರಗೆ ಬಂದಾಗ ನನ್ನನ್ನು ನೋಡಿ ಬೇರೆ ಕಡೆ ತಿರುಗುತ್ತಾರೆ. ಮೊದಲ ದಿನ ಕೋಪ ಅಂದುಕೊಂಡೆ. ನಿನ್ನೆ ಹತ್ತಿರ ಬಂದು, “ನನ್ನ ಮುಖ ನೋಡ್ಬೇಡ ಕಣೇ. ನನ್ನ ಮುಖದಲ್ಲಿ ಎಲ್ಲ ಬರೆದಿರುತ್ತೆ. ಮೀಸೆ ಇದ್ದಿದ್ರೆ ಅದರ ಹಿಂದೆ ಬಚ್ಚಿಟ್ಕೋತಿದ್ದೆ,” ಅಂದರು. ಹತ್ತು ವರ್ಷದ ಹಿಂದೆ ಬೋಳಿಸಿದ ಮೀಸೆ. ಇಬ್ಬರೂ ನಗಲು ಹೋದೆವು, ಆಗಲಿಲ್ಲ.

ಚಿಕ್ಕಮ್ಮಾ, ಕಾರ್ಡು ಸರಿಯಾಗೇ ಬಿದ್ದಿದ್ದರೆ? ಅರ್ಧಕ್ಕರ್ಧ ಸಾಧ್ಯತೆ ಇದೆಯಲ್ಲ? ಹಾಗಾದರೆ ನಿನ್ನನ್ನು ಸುಮ್ಮನೆ ಬೀದಿಗೆ ಎಳೆದಂತಾಗುತ್ತದೆ. ಆದರೂ ಕಾರ್ಡು ಸರಿಯಾಗೇ ಬಿದ್ದಿರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.

ಚಿನಕುರುಳಿ


ಏಪ್ರಿಲ್ 1

ಚಿನಕುರುಳಿ,

ಬೇಡಿಕೊಳ್ಳಬೇಡ. ಫಲಿತಾಂಶ ಹೀಗೇ ಇರಲಿ ಎಂಬ ಆಸೆಯಿಂದಲೇ ನಾವಿಬ್ಬರೂ ಕೆಟ್ಟದ್ದು.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ದಿನಕ್ಕೆ ಇನ್ನೂರು ಇಲಿಗಳಿಗೆ ಚುಚ್ಚುತ್ತಿದ್ದೆ. ಹದಿನಾಲ್ಕನೇ ದಿನ ಬದುಕಿ ಉಳಿದವನ್ನೂ ಕೊಲ್ಲಬೇಕು ಎಂದು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಅವತ್ತು ಕೈ ತೊಳೆಯುತ್ತಾ, ಇಲಿಯಿಲ್ಲದೆ ಇದನ್ನು ಮಾಡುತ್ತೇನೆ ಅಂದುಕೊಂಡೆ. ಇಪ್ಪತ್ತೆರಡು ವರ್ಷ ಅದೊಂದೇ ಹಟ. ಹಟ ಹೆಚ್ಚಾದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ನಡುವಿನ ಪಂಜರಗಳ ಅಂಕಿ ತೀರಾ ಚೊಕ್ಕವಾಗಿ ಬಂದಾಗ ನನಗೆ ಒಂದು ಗಳಿಗೆ ಅನುಮಾನ ಬಂದಿತ್ತು. ಇನ್ನೊಂದು ಸಲ ಮಾಡಿ ನೋಡಬಹುದಿತ್ತು. ಕಾರಿಡಾರಿಗೆ ಬಂದು ನಿನ್ನ ಕೆನ್ನೆ ಹಿಂಡಿದೆ.

ಸಮಿತಿಗೆ ಎರಡು ಭಾಷಣ ಬರೆದಿಟ್ಟಿದ್ದೇನೆ. ಯಾವುದನ್ನು ಓದುತ್ತೇನೆ ಎಂದು ಏಳನೇ ತಾರೀಕು ತಿಳಿಯುತ್ತದೆ. ಅಲ್ಲಿಯವರೆಗೆ ನನಗೆ ಒಂದು ಅಂಕಿಯನ್ನೂ ಬರೆಯಬೇಡ, ಮೀಸೆಯಣ್ಣನ ಮುಖವನ್ನು ಓದಬೇಡ.

ಕಾರ್ಡು ಹಾಕಿದವರು ಬಂದು ಹೇಳಿಕೆ ಕೊಡುತ್ತಾರೆಯೇ ಎಂದು ಸಮಿತಿಯವರು ಕೇಳಿದ್ದರು. ಬೇಡ ಎಂದು ಉತ್ತರಿಸಿದೆ. “ದಾಖಲೆಯಲ್ಲಿ ಒಂದು ಲೋಪ, ಹೊಣೆ ನನ್ನದು” ಎಂದು ಬರೆಯುತ್ತೇನೆ. ನೀನು ಅದರಲ್ಲಿ ಎಲ್ಲೂ ಬರುವುದಿಲ್ಲ. ನಿನಗೆ ಇಪ್ಪತ್ತೊಂದು ವರ್ಷ. ಮುಂದೆ ಎಲ್ಲಾದರೂ ಕೆಲಸ ಕೇಳಬೇಕು. ಆ ಕೋಣೆಯಲ್ಲಿ ಹದಿಮೂರು ಜನ ನಿನ್ನನ್ನು ಮಾತಿನಲ್ಲೇ ಸುಲಿಯುತ್ತಾರೆ, ನನಗೆ ಅವರೆಲ್ಲ ಗೊತ್ತು. ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು.

ಚಿಕ್ಕಮ್ಮ


ಏಪ್ರಿಲ್ 8

ಚಿಕ್ಕಮ್ಮಾ,

ಫೋನಿನಲ್ಲಿ ನಿನ್ನೆಯೇ ಅಂಕಿ ಕೇಳಿದ್ದೀಯ. ಆದರೂ ಬರೆದಿಡುತ್ತೇನೆ. ಗುಪ್ತ ಸಂಖ್ಯೆಗಳ ಲಕೋಟೆ ಒಡೆದಾಗ ನಾನೂ ಇದ್ದೆ. ಸಂಖ್ಯೆ ಹಾಕಿದ ಹೊರಗಿನವರು, ಕೆಲಸದಲ್ಲಿ ಇರಲಿ ಬಿಡಲಿ ಅವಳು ಬರಲೇಬೇಕು ಎಂದು ಹಟ ಹಿಡಿದರಂತೆ. ನಡುವಿನ ಮಟ್ಟದಲ್ಲಿ ಐದರ ಹದಿನಾರು ಇಲಿಗಳಲ್ಲಿ ಹತ್ತು ಬದುಕಿದ್ದವು. ನಾಲ್ಕರಲ್ಲಿ ಎರಡು. ಪ್ಲೇಟಿನಲ್ಲಿ ನಾಲ್ಕರ ಗುಳಿಗಳು ದಟ್ಟ ಹಳದಿ, ಐದರವು ಪೇಲವ.

ಕಾರ್ಡು ಅದಲುಬದಲಾಗಿತ್ತು.

ಮೀಸೆಯಣ್ಣ ಕೈಗವಸು ಬಿಚ್ಚಿ ಒಂದರೊಳಗೊಂದು ತುರುಕುತ್ತಾ ನಿಂತಿದ್ದರು. ಆಮೇಲೆ ಡೈರೆಕ್ಟರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಕುರ್ಚಿ ತೋರಿಸಿದರು, ನೀರು ಕೊಟ್ಟರು, ಕಾಗದ ಪೆನ್ನು ಮುಂದಿಟ್ಟರು.

“ನೋಡಮ್ಮಾ, ನಾಲ್ಕು ವರ್ಷದ ಹಳೇ ಸೀಸೆ. ಇಟ್ಟಲ್ಲೇ ಶಕ್ತಿ ಹೋಗಿರುತ್ತೆ. ಈ ಪರೀಕ್ಷೆ ಲೆಕ್ಕಕ್ಕಿಲ್ಲ. ನೀನು ಒಂದು ಮಾತು ಬರೆದುಕೊಡು. ಕಾರ್ಡಿನ ವಿಷಯ ನನಗೆ ಸರಿಯಾಗಿ ನೆನಪಿಲ್ಲ ಅಂತ. ಸೋಮವಾರದಿಂದ ಕೆಲಸಕ್ಕೆ ಬಾ. ನಿಮ್ಮ ಚಿಕ್ಕಮ್ಮನೂ ಉಳಿದ್ಕೋತಾರೆ.”

ಒಂದು ಗಳಿಗೆ ಪೆನ್ನಿನ ಕಡೆ ನೋಡಿದೆ. ಸುಳ್ಳು ಹೇಳುವುದಿಲ್ಲ, ನೋಡಿದೆ. ನೀನು ಉಳಿದುಕೊಳ್ಳುತ್ತೀಯ ಅಂದರಲ್ಲ, ಅದಕ್ಕೆ.

“ಸೀಸೆ ಹಳೇದಾದ್ರೆ ಪ್ಲೇಟಿಗೂ ಅದೇ ಹಳೇ ಸೀಸೆ ತಾನೇ ಸಾರ್? ಶಕ್ತಿ ಹೋಗಿದ್ರೆ ಪ್ಲೇಟಿಗೆ ಯಾಕೆ ಗೊತ್ತಾಗ್ಲಿಲ್ಲ?” ಅಂದೆ.

ಅವರು ಪೆನ್ನು ಹಿಂದಕ್ಕೆ ತೆಗೆದುಕೊಂಡರು. “ಹತ್ತನೇ ಕ್ಲಾಸು ಯಾಕೆ ಬಿಟ್ಟೆಯಮ್ಮಾ ನೀನು?” ಅಂದರು. ಕೋಪದಿಂದಲೋ ಬೇರೆ ಥರವೋ ತಿಳಿಯಲಿಲ್ಲ.

ನಿನ್ನೆ ಫೋನಿನಲ್ಲಿ ನಿನಗೆ ಅಂಕಿ ಹೇಳಿದೆ. ಅತ್ತೆಯಾ? ಆಮೇಲೆ ನೀನೇ, “ಬಿಸಿಗೆ ಕೆಟ್ಟ ಚೂರುಗಳನ್ನೂ ಹಿಡಿದು ಬಣ್ಣ ಕೊಡ್ತಿದೆ ಪ್ಲೇಟು. ಕೆಡದೆ ಉಳಿದದ್ದನ್ನ ಮಾತ್ರ ಹಿಡಿಯೋ ಹಾಗೆ ಮಾಡ್ಬೇಕು. ಮೊದಲಿಂದ,” ಅಂದೆ. ನಲವತ್ತು ಸೆಕೆಂಡೂ ಆಗಿರಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು, “ಚಿಕ್ಕವಳಿದ್ದಾಗಲೂ ಹಾಗೇ, ಬಿದ್ದು ಏಳೋ ಮೊದಲೇ ಮುಂದಿನ ಮೆಟ್ಟಿಲು ನೋಡ್ತಿದ್ಲು,” ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಈಗ ನಿನ್ನ ಹೊಣೆಯ ವಿಷಯ. ಲೋಪ ಎಂದು ಬರೆಯಬೇಡ. ಲೋಪ ಅಂದರೆ ತಾನಾಗಿ ಆದದ್ದು. ಇದು ತಾನಾಗಿ ಆದದ್ದಲ್ಲ. ನೀನು ಮೇಜಿನ ಹತ್ತಿರ ಹೇಳಿದೆ, ನಾನು ಇಲಿಗಳನ್ನು ನೋಡಿ ಕಾರ್ಡು ಆರಿಸಿದೆ. ಮುಂದೆ ಇನ್ನೊಂದು ಊರಿನ ಇಲಿ ಕೋಣೆಯಲ್ಲಿ ಇನ್ನೊಬ್ಬಳು ಹೀಗೇ ಮಾಡುತ್ತಾಳೆ. ಹೇಗೆ ಆಯಿತು ಎಂದು ಆ ಹದಿಮೂರು ಜನಕ್ಕೆ ಗೊತ್ತಾಗಬೇಕಾದರೆ ಮಾಡಿದವಳೇ ಹೇಳಬೇಕು. ಸುಲಿಯಲಿ. ನನ್ನ ಸ್ವಭಾವ ನಿನಗೆ ಗೊತ್ತು, ಸುಮ್ಮನೆ ಕೂರಿಸಿದರೆ ಹೇಗೂ ನಾನು ಉಳಿಯುವುದಿಲ್ಲ.

ನೀನು ಬೇಡ ಎಂದು ಉತ್ತರಿಸಿದ್ದೀಯ. ನಾನು ಬರುತ್ತೇನೆ ಎಂದು ಇವತ್ತು ಸಮಿತಿಗೆ ನೇರವಾಗಿ ಬರೆದು ಅಂಚೆಗೆ ಹಾಕಿ ಬಂದೆ. ದಿನಚರಿಯ ಆ ಪುಟದ ನಕಲನ್ನು ಮೀಸೆಯಣ್ಣ ಮೊಹರು ಹಾಕಿಸಿ ತಂದುಕೊಟ್ಟರು. ಅಮ್ಮ ಚೀಲಕ್ಕೆ ಎರಡು ಸ್ವೆಟರು ತುರುಕಿದ್ದಾಳೆ, ಒಂದು ನಿನಗೆ.

ಈ ಕಾಗದ ನನಗಿಂತ ಮೊದಲು ತಲುಪುವುದೋ ಇಲ್ಲವೋ ಗೊತ್ತಿಲ್ಲ. ಬೆಳಗ್ಗೆ ಆರೂವರೆಯ ರೈಲು. ನಾಳೆ ಹೊರಡುತ್ತೇನೆ.

ಚಿನಕುರುಳಿ